ಅರಿಶಿನ ಹಚ್ಚಿಕೊಂಡ ಜೋಡಿ ಸ್ಪೀಕರ್

೧೯೬೪ನೆಯ ಇಸವಿ. ಮೈಸೂರಿನ ಒಂದು ರೇಡಿಯೋ ಅಂಗಡಿಯಲ್ಲಿ ನಾನು ಸ್ಪೀಕರ್ ವಿಭಾಗದ ಸೂಪರ್‌ವೈಸರ್. ವಿಭಾಗವೆಂದರೆ ನಾನು, ಒಬ್ಬ ಬಡಗಿ ಮತ್ತು ಹಿತ್ತಿಲ ಶೆಡ್ಡು, ಅಷ್ಟೆ. ಊರಂಚಿನ ಕೆಸರೆಯಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದ ನಮ್ಮ ಮನೆಯಲ್ಲಿ ಬಿ.ಎಸ್ಸಿ. ಮುಗಿಸಿದವನು ನಾನೇ ಮೊದಲು. ಸರ್ಕಾರಿ ನೌಕರಿ ಹಿಡಿಯದೆ ಅಂಗಡಿ ಸೇರಿದೆನೆಂದು ಅಪ್ಪನಿಗೆ ಬೇಸರ. ಇತ್ತ ಮಾಲೀಕರಾದ ಪುಟ್ಟಣ್ಣನವರಿಗೆ ಡಿಗ್ರಿಯವರ ಮೇಲೆ ನಂಬಿಕೆಯಿಲ್ಲ. ದಸರಾ ಕಳೆಯಲಿ, ನಿನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಆಗ ನೋಡೋಣ ಎಂದಿದ್ದರು.

ಆ ಹೊತ್ತಿಗೆ ಲಕ್ಷ್ಮೀಪುರಂನಿಂದ ಒಂದು ಆರ್ಡರ್ ಬಂತು. ಕೊಟ್ಟವರು ನಿವೃತ್ತ ಅರಣ್ಯಾಧಿಕಾರಿ ರಾಮಸ್ವಾಮಿ ರಾಯರು ಮತ್ತು ಅವರ ಪತ್ನಿ, ವೀಣೆ ಪಾಠ ಹೇಳುವ ಕಮಲಮ್ಮನವರು. ಸ್ಟೀರಿಯೋ ಆಗಿನ್ನೂ ನಮ್ಮೂರಿಗೆ ಹೊಸದು. ಇವರಿಗೆ ನವರಾತ್ರಿಯ ಗೊಂಬೆ ಕೂರಿಸುವಷ್ಟರಲ್ಲಿ ಹಜಾರಕ್ಕೆ ಎರಡು ಸ್ಪೀಕರ್ ಪೆಟ್ಟಿಗೆ ಬೇಕಿತ್ತು. ಪೆಟ್ಟಿಗೆಯನ್ನು ನಾವು ದಪ್ಪ ಪ್ಲೈವುಡ್‌ನಲ್ಲಿ ಮಾಡಿ, ಮೇಲೆ ವಿನೀರ್ ಅಂಟಿಸುತ್ತಿದ್ದೆವು. ವಿನೀರ್ ಎಂದರೆ ಒಳ್ಳೆಯ ಮರವನ್ನು ಕಾಗದದಷ್ಟು ತೆಳ್ಳಗೆ ಸೀಳಿದ ಹಾಳೆ. ಅಂಗಡಿಯ ಕಿಟಕಿಯಲ್ಲಿ ತೇಗ, ಬೀಟೆ, ಹಲಸು ಮೂರರ ಮಾದರಿ ಹಲಗೆಗಳಿದ್ದವು.

ರಾಯರು ನೇರವಾಗಿ ಬೀಟೆಯ ಮೇಲೆ ಕೈಯಿಟ್ಟರು. "ಸರ್ವೀಸ್ ಪೂರ್ತಿ ಬೀಟೆ ಮರ ಕಾದೋನು ನಾನು. ನಮ್ಮನೇಲಿ ಅದರದ್ದೊಂದು ಮಣೇನೂ ಇಲ್ಲ."

"ಕಾದೋರ ಮನೇಲಿ ಎಲ್ಲಿರತ್ತೆ? ಕದ್ದೋರ ಮನೇಲಿ ನೋಡಿ," ಎಂದರು ಕಮಲಮ್ಮ. ಅವರ ಆಯ್ಕೆ ಹಲಸು. ತವರಿನಿಂದ ತಂದ ಅವರ ವೀಣೆ ಹಲಸಿನದು.

ನಾದ ಹುಟ್ಟುವುದು ಒಳಗೆ ಅದುರುವ ಕಾಗದದ ಕೋನ್‌ನಿಂದ, ಹೊರಗಿನ ಹಾಳೆಯಿಂದಲ್ಲ ಎಂದು ನಾನು ಭೌತಶಾಸ್ತ್ರ ಶುರುಮಾಡಿದೆ. ಕಮಲಮ್ಮ ನಕ್ಕರು. "ಅಷ್ಟು ನನಗೂ ಗೊತ್ತು ಕಣಪ್ಪ. ವೀಣೆ ಪಕ್ಕ ಕೂತಾಗ ನೆಂಟರ ಥರ ಕಾಣ್ಬೇಕು, ಅದಕ್ಕೇ." ರಾಯರು ಬೀಟೆಯ ಹಲಗೆಯನ್ನು ಇನ್ನೊಮ್ಮೆ ಸವರಿ ಕೆಳಗಿಟ್ಟರು. ಹಲಸೇ ನಿಶ್ಚಯವಾಯಿತು.

ಎಡವಟ್ಟು ಕಂಡದ್ದು ಪೆಟ್ಟಿಗೆಗಳಿಗೆ ಪಾಲಿಶ್ ಆದ ಮೇಲೆ. ಕಿಟಕಿಯ ಮಾದರಿ ಜೇನಿನ ಬಣ್ಣ, ಪೆಟ್ಟಿಗೆಗಳು ಅಪ್ಪಟ ಹಳದಿ. ಹಲಸಿನ ಗುಣವೇ ಅದು. ಹೊಸದಾಗಿ ಸೀಳಿದಾಗ ಹಳದಿ, ಬೆಳಕು ಕಂಡಂತೆಲ್ಲ ಕಂದು. ಮಾದರಿ ಹಲಗೆ ವರ್ಷಗಟ್ಟಲೆ ಕಿಟಕಿಯ ಬೆಳಕು ಕುಡಿದಿತ್ತು. ಆರಿಸುವಾಗ ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಪುಟ್ಟಣ್ಣ ಒಂದೇ ಮಾತಿನಲ್ಲಿ ಮುಗಿಸಿದರು. "ಕಂದು ಬಣ್ಣ ಬಳಿದ್ಬುಡು. ಯಾರ್ಗೆ ಗೊತ್ತಾಯ್ತದೆ?"

ಬಳಿದರೆ ಇಂದು ಹೊಂದುತ್ತದೆ ನಿಜ. ಆದರೆ ಬಣ್ಣದಡಿಯಲ್ಲಿ ಮರ ತನ್ನಷ್ಟಕ್ಕೆ ಕಪ್ಪಾಗುತ್ತಲೇ ಹೋಗುತ್ತದೆ. ಕೆಲವು ವರ್ಷಕ್ಕೆ ಪೆಟ್ಟಿಗೆ ಇದ್ದಿಲಿನಂತಾಗುತ್ತದೆ. ನಾನು ಒಪ್ಪಲಿಲ್ಲ. ಕಮಲಮ್ಮನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದೆ.

"ಹೇಳಿ, ಬಿ.ಎಸ್ಸಿ.ಯವರೇ. ಮಾಲು ವಾಪಸ್ ಬಂದ್ರೆ ಅದರ ಜತೇಲೇ ನೀವೂ ಕೆಸರೆಗೆ ಹೊರಡಿ," ಎಂದರು. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ.

ಗಾಡಿಯಲ್ಲಿ ಪೆಟ್ಟಿಗೆಗಳನ್ನು ಹೇರಿಕೊಂಡು ಲಕ್ಷ್ಮೀಪುರಂಗೆ ಹೋದೆ. ಹೊದಿಸಿದ್ದ ಬಟ್ಟೆ ತೆಗೆದು, ಎಲ್ಲ ವಿವರಿಸಿ, ಬೇಡವಾದರೆ ಬೀಟೆಯಲ್ಲೇ ಮಾಡಿಕೊಡುತ್ತೇವೆ, ಆದರೆ ಹಬ್ಬಕ್ಕೆ ಆಗುವುದಿಲ್ಲ ಎಂದೂ ಹೇಳಿದೆ. ರಾಯರ ಮುಖ ಅರಳಿತು. ಕಮಲಮ್ಮ ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಬಂದರು.

"ಬಿಸಿಲಿಗಿಟ್ರೆ ಬೇಗ ಬಣ್ಣ ತಿರುಗತ್ತಾ? ಮಾಳಿಗೆ ಮೇಲೆ ಹಪ್ಪಳ ಒಣಗ್ತಾ ಇದೆ, ಅಲ್ಲೇ ಇಡೋಣ."

"ನೇರ ಬಿಸಿಲು ಬೇಡಮ್ಮ, ಅಂಟು ಬಿಟ್ಬಿಡತ್ತೆ. ಹಜಾರದ ಬೆಳಕು ಸಾಕು. ನಿಧಾನ ಆಗತ್ತೆ, ಆದ್ರೆ ಆಗತ್ತೆ."

"ನನ್ನ ವೀಣೆಗೂ ಒಂದು ಕಾಲದಲ್ಲಿ ಇದೇ ಬಣ್ಣ ಇತ್ತೇನೋ. ಇರಲಿ ಬಿಡಿ," ಎಂದರು. ರಾಯರು ಒಳಗೆ ಕಾಫಿಗೆ ಹೇಳಲು ಎದ್ದರು.

ಹಬ್ಬಕ್ಕೆ ಬಂದವರೆಲ್ಲ ಇದೇನು ಹಳದಿ ಎಂದು ಕೇಳಿದರಂತೆ. ಮದುವೆ ಜೋಡಿ, ಅರಿಶಿನ ಶಾಸ್ತ್ರ ಆಗಿದೆ ಎಂದು ಕಮಲಮ್ಮ ಉತ್ತರ ಕೊಟ್ಟರಂತೆ. ಪೆಟ್ಟಿಗೆಗಳ ನೆತ್ತಿ ಖಾಲಿ ಕಂಡು, ಒಂದರ ಮೇಲೆ ರಾಜನ ಗೊಂಬೆ, ಇನ್ನೊಂದರ ಮೇಲೆ ರಾಣಿಯ ಗೊಂಬೆಯನ್ನೂ ಕೂರಿಸಿದ್ದರು.

ಹಬ್ಬ ಮುಗಿದ ಮೇಲೆ, ತಕ್ಷಣ ಬರಬೇಕೆಂದು ಕಮಲಮ್ಮ ಹೇಳಿಕಳಿಸಿದರು. ಮಾಲು ವಾಪಸ್ಸೇ ಸೈ ಎಂದು ಪುಟ್ಟಣ್ಣನವರೂ ಜೊತೆಗೆ ಹೊರಟರು. ಕಿಟಕಿ ಪಕ್ಕದ ಪೆಟ್ಟಿಗೆ ಆಗಲೇ ತುಸು ಕಂದು ಬಣ್ಣಕ್ಕೆ ತಿರುಗಿತ್ತು. ಅದರ ನೆತ್ತಿಯಲ್ಲಿ, ರಾಜ ನಿಂತಿದ್ದ ಕಡೆ, ದುಂಡಗೆ ಹಳದಿ ಗುರುತು. ಬಣ್ಣ ಬಳಿದು ಸರಿಮಾಡುತ್ತೇವೆ ಎಂದು ಪುಟ್ಟಣ್ಣ ಬಾಯಿ ತೆರೆದರು.

"ಬೇಡ ಕಣ್ರೀ. ಈ ಹುಡುಗ ಹೇಳಿದ ಹಾಗೇ ಆಗಿದೆಯಲ್ಲ, ಅದನ್ನ ತೋರಿಸೋಕೆ ಕರೆಸಿದೆ. ರಾಜನ್ನ ಎತ್ತಿಟ್ಟಾಯ್ತು, ಗುರುತೂ ತಾನೇ ಹೋಗತ್ತೆ. ನಮ್ಮ ತಂಗಿ ಮನೆಗೂ ಒಂದು ಜೋಡಿ ಬೇಕಂತೆ, ಇವನ ಕೈಲೇ ಮಾಡಿಸಿ," ಎಂದರು ಕಮಲಮ್ಮ.

ವಾಪಸು ಬಂದ ಮೇಲೆ ಪುಟ್ಟಣ್ಣ ಅಂಗಡಿ ಬಾಗಿಲಲ್ಲಿ ನಿಂತು, "ನಾಳೆಯಿಂದ ಗಿರಾಕಿಗಳ ಹತ್ರ ನೀನೇ ಮಾತಾಡು," ಎಂದರು. ಕಾಯಂ ಎಂಬ ಪದ ಅವರ ಬಾಯಿಂದ ಬರಲಿಲ್ಲ, ನಾನೂ ಕೇಳಲಿಲ್ಲ. ಅಂದು ಸಂಜೆ ಕೆಸರೆಗೆ ಹೋಗಿ ಅಪ್ಪನಿಗೆ ಕೆಲಸ ಗಟ್ಟಿಯಾಯಿತೆಂದು ಹೇಳಿದೆ.

ಮುಂದೆ ನೂರಾರು ಮನೆಗಳಿಗೆ ವಿನೀರ್ ಆರಿಸಿಕೊಟ್ಟೆ. ಮರ ಇಂದು ಹೇಗಿದೆ ಎಂಬುದು ಗಿರಾಕಿಯ ಕಣ್ಣಿಗೇ ಕಾಣುತ್ತದೆ. ನಾಳೆ ಅದು ಏನಾಗುತ್ತದೆ ಎಂಬುದನ್ನು, ಕೆಲಸ ಹೋದರೂ ಸರಿ, ನಾವೇ ಹೇಳಬೇಕು. ಸಂಬಳ ಕೊಡುವುದು ಅದಕ್ಕೇ ಎಂದು ನಾನು ಕಲಿತದ್ದು ಆ ದಸರೆಯಲ್ಲಿ.