ಜಾಕ್‌ವೆಲ್ಲಿಗೆ ಎರಡನೇ ಬ್ಯಾಟರಿ

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ, ಅದರೊಳಗೆ ಹಾಕುವುದಕ್ಕೆ ಸೆಲ್. ಎಂಬತ್ತರ ದಶಕದ ಕೊನೆಯಲ್ಲಿ, ನಾನು ಅಥಣಿಯ ಕಾಲೇಜಿಗೆ ಹೋಗುತ್ತಿದ್ದಾಗ, ಒಂದು ಅಗ್ಗದ ಬ್ಯಾಟರಿಯ ಸಲುವಾಗಿ ಕಾಕಾನ, ಅಂದರೆ ಚಿಕ್ಕಪ್ಪನ, ಜೊತೆ ನನ್ನ ಮಾತು ಮುರಿಯಿತು. ಅದನ್ನು ಸರಿಪಡಿಸಲು ನಾನು ಎಂದೂ ಪ್ರಯತ್ನಿಸಲಿಲ್ಲ.

ಸತ್ತಿಯ ಹತ್ತಿರ ಕೃಷ್ಣೆಯ ದಂಡೆಗೆ ನಮ್ಮ ಮನೆತನದ ಜಾಕ್‌ವೆಲ್ ಇತ್ತು. ಹೊಳೆಯ ನೀರು ಪೈಪಿನಿಂದ ಆ ಆಳದ ಬಾವಿಗೆ ಬಂದು ಬೀಳುತ್ತಿತ್ತು, ಅಲ್ಲಿಂದ ಮೋಟಾರು ಅದನ್ನು ಕಬ್ಬಿಗೆ ಎತ್ತುತ್ತಿತ್ತು. ಪ್ರತಿ ವರ್ಷ ಹೊಳೆ ಇಳಿದ ಮೇಲೆ ಮೋಟಾರಿನ ಪೈಪಿನ ತಳದಲ್ಲಿ ನೀರು ಎಳೆಯುವ ಫುಟ್‌ವಾಲ್ವಿಗೆ ಕಸ, ಅರಿವೆ, ಕೆಸರು ಸಿಕ್ಕು ನೀರು ನಿಲ್ಲುತ್ತಿತ್ತು. ಚೈನ್‌ಪುಲಿ ತರಿಸಿ ಪೈಪನ್ನೇ ಮೇಲೆತ್ತಿ ತೊಳೆಯಬಹುದಿತ್ತು. ಕಾಕಾ ತರಿಸುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಮುಳುಗಲು ನನ್ನ ಅಣ್ಣ ಇದ್ದನಲ್ಲ! ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಕಾಕಾನ ಕೈಕೆಳಗೆ ಬೆಳೆದವರು. ಅನ್ನದ ಋಣವನ್ನು ಅಣ್ಣ ಆ ಕತ್ತಲಲ್ಲಿ ತೀರಿಸಬೇಕೆಂದು ಕಾಕಾನ ಲೆಕ್ಕ.

ಹಿಂದಿನ ವರ್ಷ ತಳದಲ್ಲಿ ಬ್ಯಾಟರಿ ಆರಿ, ಅಣ್ಣ ಪೈಪಿಗೆ ಹಣೆ ಒಡೆದುಕೊಂಡು ಮೇಲೆ ಬಂದಿದ್ದ. ಈ ಸಲ ಅವನು ಊಟಕ್ಕೆ ಕೂತಾಗಲೇ ಹೇಳಿದ: "ಎರಡನೇ ಬ್ಯಾಟ್ರಿ ಇಲ್ಲದ ನಾ ಇಳ್ಯಂಗಿಲ್ಲ, ಕಾಕಾ."

"ಮದಿವ್ಯಾಗ ಗ್ಯಾಸಬತ್ತಿ ಹೊರ್ತಾರಲ್ಲ, ಅವ್ರನ್ನ ಕರಸ್ಲೇನ?" ಎಂದ ಕಾಕಾ. ಅಣ್ಣ ನಗಲಿಲ್ಲ. ಕೊನೆಗೆ ಕಾಕಾ ನನ್ನ ಕಡೆ ತಿರುಗಿ, "ನೀ ದಿನಾ ಅಥಣಿಗೆ ಹೋಗ್ತೀದಿ. ಸಸ್ತಾದ್ದೊಂದ ತಗೊಂಡ ಬಾ. ಶಾಣ್ಯಾತನಾ ಮಾಡಬ್ಯಾಡ" ಎಂದ.

ನಾನು ಡೈರಿ ಬರೆಯುವವಳು, ಮಳೆ ಬಿದ್ದ ದಿನದಿಂದ ಹಿಡಿದು ಎಮ್ಮೆ ಕರೆದ ಹಾಲಿನವರೆಗೆ. ಸುಮ್ಮನೆ ಕೈಗೆ ಸಿಕ್ಕಿದ್ದನ್ನು ತರುವುದು ನನ್ನ ಸ್ವಭಾವವಲ್ಲ. ಅಂಗಡಿಯಲ್ಲಿ ಮೂರು ಬ್ಯಾಟರಿ ತೆಗೆಸಿದೆ. ಹಿತ್ತಾಳೆಯದು ಕೊರಳಿಗೆ ಕಟ್ಟಿಕೊಳ್ಳಲು ಭಾರ. ತಲೆ ತಿರುವಿ ಹಚ್ಚುವಂಥದು ಚೆನ್ನಾಗಿತ್ತು, ಆದರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದ ಮೇಲೆ ತಿರುವಿದರೆ ಚೀಲವೂ ತಿರುವಿ ಗಂಟು ಸಡಿಲಾಗುತ್ತದೆ. ಮೂರನೆಯದು ಎರಡು ಸೆಲ್ಲಿನ ಪ್ಲಾಸ್ಟಿಕ್ ಬ್ಯಾಟರಿ. ಗುಂಡಿಯನ್ನು ಚೀಲದ ಮೇಲಿನಿಂದಲೇ ಹೆಬ್ಬೆರಳಲ್ಲಿ ಸರಿಸಬಹುದು. ಚೀಲದಲ್ಲಿ ಕಟ್ಟಿ ಮುಳುಗಿಸಿ ನೋಡಲು ಒಂದು ಬಕೆಟ್ ನೀರು ಕೇಳಿದೆ.

"ಬ್ಯಾಟ್ರಿ ಕೊಳ್ಳಾಕ ಬಂದೀರ್ಯೋ, ಮೀನಾ ಕೊಳ್ಳಾಕ ಬಂದೀರ್ಯೋ?" ಎಂದ ಅಂಗಡಿಯವ. ನೀರು ಕೊಡಲಿಲ್ಲ. ಹೊಸ ಸೆಲ್ ಹಾಕಿಸಿಕೊಂಡು ಅದನ್ನೇ ತಂದೆ.

ಮನೆಯಲ್ಲಿ ಎರಡು ಪದರ ದಪ್ಪ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಗಾಳಿ ಹಿಂಡಿ ತೆಗೆದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಬಕೆಟ್ಟಿನ ನೀರು ಸಾಲದೆಂದು ಈಗ ಹೊಳೆಯಿತು, ಆಳದ ನೀರಿನ ಒತ್ತಡ ಬೇರೆ. ದೀಪ ಹಚ್ಚಿ, ಕಲ್ಲು ಕಟ್ಟಿ ಹಿತ್ತಲ ಬಾವಿಯ ತಳದವರೆಗೆ ಬಿಟ್ಟೆ. ಅನ್ನ ಬೇಯುವಷ್ಟು ಹೊತ್ತು ಬಿಟ್ಟು ಎಳೆದಾಗ ಒಳಗೆ ಒಂದು ಹನಿಯೂ ಇರಲಿಲ್ಲ, ದೀಪ ಉರಿಯುತ್ತಲೇ ಇತ್ತು. ಆರಿಸಿ, ಅಣ್ಣ ಅಂಗಿ ಹಾಕುವ ಗೂಟಕ್ಕೆ ತೂಗುಹಾಕಿದೆ.

ಇಳಿಯುವ ದಿನ ಕಾಕಾ ರೇಡಿಯೋ ಹಿಡಿದುಕೊಂಡು ಜಾಕ್‌ವೆಲ್ ಕಟ್ಟೆಯ ಮೇಲೆ ಕೂತಿದ್ದ. ಮರಾಠಿ ಬಾತಮಿ, ಅಂದರೆ ವಾರ್ತೆ, ಜೋರಾಗಿ ಬರುತ್ತಿತ್ತು. ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ, ಅದರ ತುದಿ ನನ್ನ ಕೈಯಲ್ಲಿ. ಕೊರಳ ಬ್ಯಾಟರಿಯನ್ನು ಒಮ್ಮೆ ಹಚ್ಚಿ ನೋಡಿದ. ಚೆನ್ನಾಗಿಯೇ ಹತ್ತಿತು. ಆರಿಸಿ, ಹಳೆಯ ದೊಡ್ಡ ಬ್ಯಾಟರಿಯನ್ನು ಮುಂಗೈಗೆ ಕಟ್ಟಿಕೊಂಡು ಹಚ್ಚಿ ಮುಳುಗಿದ.

ಎರಡು ಸಲ ಹೋಗಿ ಕೈತುಂಬ ಕಸ ತಂದ. ಮೂರನೆಯ ಸಲ ಬರಲಿಲ್ಲ. ಹಗ್ಗ ಎಳೆದೆ. ಎಲ್ಲಿಗೋ ಸಿಕ್ಕು ಬಿಗಿಯಾಗಿತ್ತು. "ಕಾಕಾ, ಹಗ್ಗ ಬರವಲ್ದು!" ಎಂದು ಚೀರಿದೆ. ಕಾಕಾ ರೇಡಿಯೋ ಕೆಳಗಿಟ್ಟು ಎದ್ದ, ಅಷ್ಟೆ. ಹಗ್ಗ ತಟ್ಟನೆ ಸಡಿಲಾಯಿತು. ಅಣ್ಣ ಮೇಲೆ ಬಂದ. ಭುಜದ ಚರ್ಮ ಕಿತ್ತುಹೋಗಿತ್ತು, ಬಾಯಲ್ಲಿ ಕೆಸರು. ಕೆಸರು ಉಗುಳಿದ. ಆಮೇಲೆ ಹೇಳಿದ: "ದೊಡ್ಡದು ಆರಿತು. ಇದನ್ನ ಹಚ್ಚಿದ್ರ ಬೀಡಿ ತುದಿ ಹೊತ್ತಿದಂಗ ಹೊತ್ತಿ ಸತ್ತಹೋತು. ಮ್ಯಾಲ ಯಾವುದು, ಕೆಳಗ ಯಾವುದು ತಿಳೀಲಿಲ್ಲ."

ಚೀಲ ಬಿಚ್ಚಿದೆ. ಒಳಗೆ ಒಣಗಿತ್ತು. ಆದರೆ ಸೆಲ್ ನಾನು ಹಾಕಿಸಿದವಲ್ಲ. ತಳ ಬೆವತು ಬೆಳ್ಳಗೆ ಹಿಟ್ಟು ಕಟ್ಟಿದ್ದ ಹಳೆಯವು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಮನೆಯಲ್ಲಿ ರೇಡಿಯೋದಲ್ಲಿ ಸತ್ತ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಬಿಸಿಲಿಗಿಡುತ್ತಿದ್ದರು. ಕಾದರೆ ಅವು ಸ್ವಲ್ಪ ಹೊತ್ತು ಜೀವ ಹಿಡಿಯುತ್ತವೆ. ಹಚ್ಚಿ ನೋಡಿದಾಗ ಮೋಸ ಮಾಡುವಷ್ಟು ಹೊತ್ತು.

"ಯಾರ ಬದಲ್ ಮಾಡಿದ್ರು?" ಎಂದೆ.

"ನಾನ ಮಾಡೇನಿ" ಎಂದ ಕಾಕಾ, ಸಂಕೋಚವೇ ಇಲ್ಲದೆ. "ಅದು ಎರಡನೇದು. ಹಚ್ಚೂದ ಇಲ್ಲ ಬಿಡೂದ ಇಲ್ಲ. ಹೊಸಾ ಸೆಲ್ ಅದರಾಗ ಸುಮ್ನ ಕೊಳೀಬೇಕೇನ?"

ನಾನು ಕಟ್ಟೆಯ ಮೇಲಿನ ರೇಡಿಯೋ ಎತ್ತಿ, ಬೆನ್ನು ತೆಗೆದು, ನನ್ನ ಸೆಲ್ಲುಗಳನ್ನು ಕಿತ್ತುಕೊಂಡೆ. ಬಾತಮಿ ನಡುವೆಯೇ ನಿಂತಿತು.

"ಏ ಬೇ, ತಲಿ ಕೆಟ್ಟೈತೇನ? ಕಬ್ಬಿನ ಭಾವ ಹೇಳಾಕತ್ತಿದ್ರು!"

"ಅಣ್ಣ ಸತ್ತಿದ್ರ ಅದನ್ನೂ ಹೇಳ್ತಿದ್ರ ತಗೋರಿ."

ಕಾಕಾ ಅಣ್ಣನ ಕಡೆ ನೋಡಿದ. "ಈಗ ಹೊಸಾವು ಅದಾವಲ್ಲ. ಇನ್ನೊಂದ್ಸಲ ಇಳದ್ರ ಮುಗೀತು."

"ನೀವ ಇಳೀರಿ" ಎಂದ ಅಣ್ಣ. ಕಾಕಾನಿಗೆ ಈಜು ಬರುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅಣ್ಣ ಹಗ್ಗ ಬಿಚ್ಚಿ, ಕಾಕಾನ ಕಾಲ ಹತ್ತಿರ ಇಟ್ಟು, ಹಸಿ ಚಡ್ಡಿಯಲ್ಲೇ ಮನೆಗೆ ನಡೆದ. ನಾನು ಹಿಂದೆ ಹೋದೆ.

ಕಬ್ಬಿನ ಸುಳಿ ಬಾಡುವವರೆಗೆ ಕಾಕಾ ಹಟ ಹಿಡಿದ. ಆಮೇಲೆ ಚೈನ್‌ಪುಲಿ ಬಂತು, ಆಳು ಬಂದರು, ಪೈಪು ಮೇಲೆದ್ದಿತು. ಖರ್ಚಿನ ಮಾತನ್ನು ಅವನು ಅಣ್ಣ ಕೂತಲ್ಲೆಲ್ಲ ಎತ್ತುತ್ತಿದ್ದ. ಅಣ್ಣ ಉಣ್ಣುತ್ತಲೇ ಇರುತ್ತಿದ್ದ. ಮತ್ತೆ ಎಂದೂ ಜಾಕ್‌ವೆಲ್ಲಿಗೆ ಇಳಿಯಲಿಲ್ಲ.

ಮದುವೆಯಾಗುವವರೆಗೆ ನಾನು ಆ ಮನೆಯಲ್ಲಿದ್ದೆ. ಸಂಜೆಯ ಚಹಾ ನನ್ನ ಪಾಲಿನ ಕೆಲಸ. ಎಲ್ಲರಿಗೂ ಕೈಗೆ ಕೊಡುತ್ತಿದ್ದೆ. ಕಾಕಾನ ಕಪ್ಪನ್ನು ಮಾತ್ರ ನೆಲದ ಮೇಲೆ ಇಡುತ್ತಿದ್ದೆ. ಮೊದಮೊದಲು ಬೈದ. ಆಮೇಲಾಮೇಲೆ ತಾನೇ ಬಗ್ಗಿ ಎತ್ತಿಕೊಂಡು ಕುಡಿಯತೊಡಗಿದ.