ಹಿಂದಕ್ಕೆ ಓಡುವ ಕೃತ್ತಿಕಾ

ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ ಹಾಕಿ ಎಂದರೆ ಯಾರಿಗಾದರೂ ಕಣ್ಣ ಮುಂದೆ ಬರುವುದು ಮೈದಾನವೇ. ತಮ್ಮ ಮಗಳು ಮಂಜುಗಡ್ಡೆಯ ಮೇಲೆ ಆಡುತ್ತಾಳೆ ಎಂದು ನಂಜಪ್ಪನ್ ಹೇಳಿದರೆ ಪವರ್‌ಲೂಮ್ ಶೆಡ್ಡಿನ ಜೊತೆಗಾರರು ನಗುತ್ತಿದ್ದರು. ಅವರು ಕಂಡ ಐಸ್ ಎಂದರೆ ಜ್ಯೂಸ್ ಅಂಗಡಿಯದೇ.

ಕೃತ್ತಿಕಾ ಶುರುಮಾಡಿದ್ದು ಚಕ್ರದ ಸ್ಕೇಟಿನಲ್ಲಿ, ಸಿಮೆಂಟ್ ನೆಲದ ಮೇಲೆ. ಗೋಲು ಹೊಡೆಯುವುದೆಂದರೆ ಅವಳಿಗೆ ಪ್ರಾಣ. ಪ್ಲಸ್ ಟೂ ಮುಗಿಸಿದ ವರ್ಷ ಕೋಚ್ ಶಕ್ತಿವೇಲ್ ಅವಳನ್ನು ರಕ್ಷಣೆಗೆಂದು ಹಿಂದಿನ ಸಾಲಿಗೆ ಕಳಿಸಿದರು. ಅವಳು ಮುಖ ಊದಿಸಿಕೊಂಡಾಗ ತಮಿಳಿನಲ್ಲಿ ಹೇಳಿದರು: "ಮುಂದಕ್ಕೆ ಓಡುವವರು ನನ್ನ ಹತ್ತಿರ ಬೇಕಾದಷ್ಟಿದ್ದಾರೆ. ಎದುರಾಳಿಯ ಮುಖ ನೋಡಿಕೊಂಡೇ ಅಷ್ಟೇ ಜೋರಾಗಿ ಹಿಂದಕ್ಕೆ ಓಡುವವಳು ನೀನೊಬ್ಬಳೇ."

ಮನೆಗೆ ಬಂದು ಚೀಲ ಬಿಸಾಡಿದಳು. ತಾಯಿ ಪೆರಿಯನಾಯಕಿ ದೋಸೆ ಹುಯ್ಯುತ್ತಲೇ ಮನೆಮಾತಾದ ಕನ್ನಡದಲ್ಲಿ ವಿಷಯ ಕೇಳಿದರು.

"ಅಷ್ಟೇಯಾ ಅಮ್ಮಣಿ? ಬರೋರ್ನ ತಡ್ದು ನಿಲ್ಸೋದು ಸುಲಭ ಅಂತ ನೆನೆಸ್ದ್ಯಾ? ನಿಂಗೆ ಮದ್ವೆಗೆ ಮಾಪ್ಳೆ ನೋಡಿದೀವಿ ಅಂತ ಬಂದ ಸೊಂದಕಾರರ್ನ, ನೆಂಟರ್ನೆಲ್ಲ ಬಾಗ್ಲಲ್ಲೇ ಕಾಫಿ ಕೊಟ್ಟು ಕಳಿಸ್ತಾ ಇರೋದು ಯಾರು?"

ಕೃತ್ತಿಕಾಗೆ ನಗು ಬಂತು. ಮರುದಿನ ಹಿಂದಿನ ಸಾಲಿನಲ್ಲಿ ನಿಂತಳು.

ಮುಂದಿನ ಚಳಿಗಾಲದಲ್ಲಿ ಲೇಹ್‌ನ ಐಸ್ ಹಾಕಿ ಶಿಬಿರಕ್ಕೆ ಹೋದಾಗ ಅವಳು ಜೀವನದಲ್ಲಿ ಮೊದಲ ಸಲ ಹೆಪ್ಪುಗಟ್ಟಿದ ಕೊಳ ನೋಡಿದಳು. ಓಡುವುದು ಬಂತು, ನಿಲ್ಲುವುದು ಬರಲಿಲ್ಲ. ಚಕ್ರದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಬ್ಲೇಡನ್ನು ಅಡ್ಡ ತಿರುಗಿಸಿ ಮಂಜನ್ನು ಕೆರೆದು ನಿಲ್ಲಬೇಕು. ಮೊದಲ ದಿನ ನೇರವಾಗಿ ಹೋಗಿ ಅಂಕಣದ ಅಂಚಿನ ಹಲಗೆಗೆ ಗುದ್ದಿದಳು. ಲಡಾಖಿನ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಅವರೇ ಕೈಹಿಡಿದು ಕಲಿಸಿದರು. ಭುಜ ನೀಲಿಗಟ್ಟಿತ್ತು, ಹುಮ್ಮಸ್ಸು ಇಳಿಯಲಿಲ್ಲ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅವಳನ್ನು ದಾಟಿ ಹೋಗುವುದು ಕಷ್ಟವೆಂದು ಆ ಹುಡುಗಿಯರೇ ಒಪ್ಪಿದರು. ದೇಶದ ತಂಡದಲ್ಲಿ ಜಾಗ ಸಿಕ್ಕಿತು. ಅಲ್ಲಿ ಅವಳ ಆಟ ನೋಡಿದ ಕೊಲ್ಲಿ ದೇಶದ ಕ್ಲಬ್ಬೊಂದು ಅವಳನ್ನು ಸಂಬಳದ ಆಟಗಾರ್ತಿಯಾಗಿ ಕರೆಸಿಕೊಂಡಿತು.

ಹೊರಗೆ ಮರಳುಗಾಡಿನ ಬಿಸಿಲು, ಒಳಗೆ ಮಂಜು. ಅವಳ ವೇಗ ನೋಡಿದ ಕ್ಲಬ್ ಮ್ಯಾನೇಜರ್ ಮುಂದಿನ ಸಾಲಿಗೆ ಬರಲು ಹೇಳಿದ. ಜನ ಚಪ್ಪಾಳೆ ತಟ್ಟುವುದು ಗೋಲಿಗೇ ಎಂದ. ಹಿಂದಾಗಿದ್ದರೆ ಅದೇ ಮಾತಿಗೆ ಕುಣಿದಾಡುತ್ತಿದ್ದವಳು ಈಗ ಬೇಡವೆಂದು ತಲೆಯಾಡಿಸಿದಳು.

"ನನ್ನ ಜಾಗ ನನಗೆ ಗೊತ್ತಿದೆ. ಇಲ್ಲೇ ಆಡಿಸಿ, ಆಮೇಲೆ ನೋಡಿ."

ಆ ಋತುವಿನ ಕೊನೆಯ ಪಂದ್ಯಕ್ಕೆ ಅಪ್ಪ ಅಮ್ಮನನ್ನು ಕರೆಸಿಕೊಂಡಳು. ಹುಟ್ಟಿದ ಧಾರಾಪುರಂ, ಮದುವೆಯಾಗಿ ಸೇರಿದ ಸಿಂಗಾನಲ್ಲೂರು ಬಿಟ್ಟರೆ ಪಳನಿ ಬೆಟ್ಟವನ್ನಷ್ಟೇ ಕಂಡಿದ್ದ ಪೆರಿಯನಾಯಕಿ ಸೀರೆಯ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಕೂತರು. ಕೃತ್ತಿಕಾಳ ತಂಡ ಒಂದು ಗೋಲು ಮುಂದಿತ್ತು. ಇನ್ನೇನು ಆಟ ಮುಗಿಯಬೇಕು, ಆಗ ಜೊತೆಯ ರಕ್ಷಕಿ ಜಾರಿ ಬಿದ್ದಳು. ಎದುರಾಳಿಗಳಿಬ್ಬರು ನುಗ್ಗಿ ಬಂದರು. ತಡೆಯಲು ಉಳಿದದ್ದು ಕೃತ್ತಿಕಾ ಮತ್ತು ಗೋಲ್‌ಕೀಪರ್ ಮಾತ್ರ.

ಎಳಸು ಆಟಗಾರ್ತಿಯಾದರೆ ಪಕ್ ಎಂಬ ರಬ್ಬರ್ ಬಿಲ್ಲೆ ಇದ್ದವಳ ಮೇಲೆ ಬೀಳುತ್ತಾಳೆ. ಅವಳು ಪಕ್ಕದವಳಿಗೆ ದಾಟಿಸಿದರೆ ಮುಗಿಯಿತು. ಕೃತ್ತಿಕಾ ಹಾಗೆ ಮೇಲೆ ಬೀಳಲಿಲ್ಲ. ಇಬ್ಬರ ನಡುವೆ ಹಿಂದಕ್ಕೆ ಓಡುತ್ತಾ ಪಕ್ ದಾಟಿಸುವ ದಾರಿಗೆ ಸ್ಟಿಕ್ಕನ್ನು ಅಡ್ಡ ಹಿಡಿದಳು. ಹೊಡೆಯುವವಳನ್ನು ಗೋಲ್‌ಕೀಪರ್ ನೋಡಿಕೊಳ್ಳಲಿ, ಇನ್ನೊಬ್ಬಳು ತನ್ನ ಪಾಲು. ಪ್ರೇಕ್ಷಕರ ಮೇಲಿನ ಸಾಲಿನಿಂದ ಒಂದು ದನಿ ಕನ್ನಡದಲ್ಲಿ ಕೂಗಿತು:

"ಬಿಡಬೇಡ ಅಮ್ಮಣಿ!"

ಎದುರಾಳಿ ಕಾದಳು, ದಾರಿ ಸಿಗಲಿಲ್ಲ. ಕೊನೆಗೆ ಓರೆಯಿಂದ ಹೊಡೆದಳು. ಪಕ್ ಗೋಲ್‌ಕೀಪರ್‌ನ ಕಾಲಿನ ಪ್ಯಾಡಿಗೆ ಬಡಿದು ಪುಟಿಯಿತು. ಕೃತ್ತಿಕಾ ಅದನ್ನು ಹಲಗೆಯ ಗುಂಟ ಆಚೆ ಅಟ್ಟಿದಳು. ಆಟ ಮುಗಿದ ಸೀಟಿ ಮೊಳಗಿತು. ಗೆದ್ದವರೆಲ್ಲ ಗೋಲ್‌ಕೀಪರ್ ಮೇಲೆ ಬಿದ್ದರು. ಗೋಲ್‌ಕೀಪರ್ ಮಾತ್ರ ಆ ಗುಂಪನ್ನು ಸರಿಸಿಕೊಂಡು ಬಂದು ಕೃತ್ತಿಕಾಳ ಹೆಲ್ಮೆಟ್ಟಿಗೆ ತನ್ನ ಹೆಲ್ಮೆಟ್ ತಾಗಿಸಿದಳು. ಮ್ಯಾನೇಜರ್ ಮುಂದಿನ ಸಾಲಿನ ಮಾತನ್ನು ಮತ್ತೆ ಎತ್ತಲಿಲ್ಲ. ಮರುವರ್ಷದ ಕರಾರಿನ ಜೊತೆ ಉಪನಾಯಕಿಯ ಪಟ್ಟವನ್ನೂ ಕೊಟ್ಟ.

ಜನ ಹೊರಟ ಮೇಲೆ ನಂಜಪ್ಪನ್ ಮೆಲ್ಲಗೆ ಬಾಗಿ ಮಂಜನ್ನು ಅಂಗೈಯಿಂದ ಮುಟ್ಟಿ ನೋಡಿದರು.

"ಇಷ್ಟು ಜಾರ್ತದಲ್ಲಾ... ಇದ್ರ ಮೇಲೆ ಹೆಂಗೆ ನಿಲ್ತಿಯೇ ನೀನು?"

"ನಿಂತ್ರೆ ಜಾರ್ತದೆ ಅಪ್ಪಾ. ಓಡ್ತಾ ಇದ್ರೆ ಸೆರಿಯಾಗಿರ್ತದೆ," ಎಂದು ಕೃತ್ತಿಕಾ ಅವರ ತೋಳು ಹಿಡಿದುಕೊಂಡಳು. ಪೆರಿಯನಾಯಕಿ ಆಗಲೇ ಬಾಗಿಲ ಬಳಿ ನಿಂತು, ಕೂಗಿ ಕೂಗಿ ಗಂಟಲು ಕಟ್ಟಿದೆ, ಬಿಸಿ ಕಾಫಿ ಎಲ್ಲಿ ಸಿಗುತ್ತದೆ ಎಂದು ಕಾವಲುಗಾರನನ್ನು ತಮಿಳಿನಲ್ಲಿ ವಿಚಾರಿಸುತ್ತಿದ್ದರು.