ಅನಸುಬಾಯಿಯ ಖಣಿಯಲ್ಲಿ ಯಾರೂ ಕೂಗುವುದಿಲ್ಲ

ಶಹಾಬಾದಿನ ಹೊರಗೆ, ಒಡೆದ ಕಲ್ಲಿನ ದಿಬ್ಬಗಳ ಹಿಂದೆ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಖಣಿಯ ತಳದಲ್ಲಿ ಅನಸುಬಾಯಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಹೊರಸು ಹಾಸುವಷ್ಟು ಅಗಲದ ಕಲ್ಲಿನ ಮೇಲೆ ಬರಿಗಾಲಲ್ಲಿ ಅಡ್ಡಾಡುತ್ತಿದ್ದಾರೆ. ಸುತ್ತಲೂ ಹನ್ನೆರಡು ಮಂದಿ ಹಾರೆ ಹಿಡಿದು ನಿಂತಿದ್ದಾರೆ. ವಾಡಿ ಕಡೆಯಿಂದ ಬರುತ್ತಿರುವ ಗೂಡ್ಸ್ ಗಾಡಿಗೆ ನೆಲ ಸಣ್ಣಗೆ ನಡುಗುತ್ತದೆ. ಅನಸುಬಾಯಿ ಅಂಗೈ ಎತ್ತುತ್ತಾರೆ.

"ಗಾಡಿ ಹೋಗ್ಲಿ."

ಗಾಡಿ ಹೋಗುತ್ತದೆ. ಆಮೇಲೆ ಉಳಿಯುವ ಮೌನ ಬೇರೆಯದೇ. ಹನ್ನೆರಡು ಜನರ ಉಸಿರು ಅದರೊಳಗೆ ಕೇಳಿಸುತ್ತದೆ.

ಐವತ್ತರ ಆಸುಪಾಸಿನ ಅನಸುಬಾಯಿ ಈ ಟೋಳಿಯ ಮುಕಾದಮ್, ಅಂದರೆ ಕಲ್ಲು ಎಬ್ಬಿಸುವವರ ಮುಂದಾಳು. ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಗಳಂತೆ ಇಲ್ಲಿಯ ಕಲ್ಲು ನೆಲದಲ್ಲಿ ಪದರ ಪದರವಾಗಿ ಕೂತಿದೆ. ಉಳಿಯಿಂದ ಗೆರೆ ಕಡಿದು, ಸುತ್ತಲೂ ಹಾರೆ ಹಾಕಿ, ಎಲ್ಲರೂ ಒಟ್ಟಿಗೆ ಮೀಟಬೇಕು. ಒಳ್ಳೆಯ ದಿನ ನಲವತ್ತು ಫರಸಿ ಚಪ್ಪಡಿಗಳು ಏಳುತ್ತವೆ. ಕೆಟ್ಟ ದಿನ ಅದರಲ್ಲಿ ಅರ್ಧ ಚೂರಾಗಿ ದಿಬ್ಬ ಸೇರುತ್ತವೆ.

ಹುಡುಗಿಯಾಗಿದ್ದಾಗ ಇದೇ ಚೂರುಗಳನ್ನು ತಲೆಯ ಮೇಲೆ ಹೊತ್ತವರು ಅನಸುಬಾಯಿ. ಹಿಂದಿನ ಮುಕಾದಮ್ ಕೆಲಸ ಬಿಟ್ಟು ಹೈದರಾಬಾದಿಗೆ ಹೋದಾಗ ಟೋಳಿಯವರೇ ಈಕೆಯನ್ನು ಮುಂದೆ ನಿಲ್ಲಿಸಿದರು. ಯಾಕೆಂದು ಕೇಳಿದರೆ, ಟೋಳಿಗೆ ಚಹಾ ಕಾಸುವ, ಹಾರೆಯನ್ನೂ ಹಿಡಿಯುವ ಯಶೋಧರಾ ಹೇಳುತ್ತಾರೆ: "ಒಮ್ಮಿ ಫರಸಿ ಜಾರಿ ನನ್ನ ಕಾಲು ಸಿಕ್ಕೊಂಡಿತ್ರಿ. ಎಲ್ಲಾರೂ ಚೀರ್‍ಲಿಕತ್ತಿದ್ರು, ನಾನೂ ಚೀರ್‍ಲಿಕತ್ತಿದ್ದೆ. ಅನಸಕ್ಕ ಒಬ್ಬಾಕಿನೇ 'ಹಾರಿ ಇಲ್ಲಿ ಹಾಕ್ರಿ' ಅಂದಳು."

ಪಕ್ಕದ ಖಣಿಗಳವರು ಸುಮ್ಮನಿರಲಿಲ್ಲ. "ವಿಠೋಬಾ, ನಿನಗ ಮನ್ಯಾಗೂ ಮುಕಾದಮ್, ಖಣ್ಯಾಗೂ ಮುಕಾದಮ್. ಉಸರಾಡ್ಲಿಕ್ಕರ ರಜಾ ಕೊಡ್ತಾಳೇನಪಾ?" ಎಂದು ಕಾಡುತ್ತಿದ್ದರು. ಅನಸುಬಾಯಿಯ ಗಂಡ ವಿಠೋಬಾ ಅದೇ ಟೋಳಿಯಲ್ಲಿ ಹಾರೆ ಹಿಡಿಯುವವರು. ನಕ್ಕು, "ಖಣ್ಯಾಗ ಕೊಡ್ತಾಳ, ಮನ್ಯಾಗ ಇಲ್ಲ" ಎನ್ನುತ್ತಿದ್ದರು. ಬಾಯಿ ದೊಡ್ಡದು, ಮನಸ್ಸೂ ದೊಡ್ಡದು.

ಆ ಬಾಯಿಯಿಂದಲೇ ಎರಡು ತಿಂಗಳ ಹಿಂದೆ ಅನಾಹುತವಾಯಿತು. ಚಿಮ್ಮನಚೋಡ ಊರಿನವರು ತಮ್ಮ ಸಮುದಾಯ ಭವನದ ವೇದಿಕೆಗೆ ಜೋಡಣೆಯಿಲ್ಲದ ಒಂದೇ ಕಲ್ಲು ಕೇಳಿದ್ದರು. ಅಷ್ಟು ದೊಡ್ಡದನ್ನು ಈ ಖಣಿಯಲ್ಲಿ ಯಾರೂ ಇಡಿಯಾಗಿ ಎಬ್ಬಿಸಿರಲಿಲ್ಲ. ಕಲ್ಲು ಗೇಣುದ್ದ ಎದ್ದಿತು. ಮೂಲೆಯಲ್ಲಿದ್ದ ವಿಠೋಬಾ ಹಿಗ್ಗು ತಡೆಯಲಾರದೆ "ಗೆದ್ದೀವಲೇ!" ಎಂದು ಕೂಗಿದರು. ಎದುರು ಬದಿಯವರೂ ನಕ್ಕು ಕೇಕೆ ಹಾಕಿದರು. ಆ ನಗೆಯಲ್ಲಿ ಹಾರೆಗಳು ಸಡಿಲಾದವು. ಕಲ್ಲು ಮೂಲೆಯಿಂದ ಮೂಲೆಗೆ ಸೀಳಿತು.

ಎಲ್ಲರ ಕಣ್ಣು ಅನಸುಬಾಯಿಯ ಮೇಲೆ. ಗಂಡನನ್ನು ಬೈಯುತ್ತಾರೋ, ಕಾಯುತ್ತಾರೋ? ಆಕೆ ಯಶೋಧರಾ ಕಡೆ ತಿರುಗಿ, "ಚಾ ಹಾಕ್ರಿ" ಎಂದರು. ಒಡೆದ ಕಲ್ಲಿನ ಮೇಲೆಯೇ ಎಲ್ಲರೂ ಕೂತರು.

ಖಣಿಯ ಮಾಲೀಕ ಶಾಂತಕುಮಾರ ಓಡಿಬಂದರು. "ಕಲ್ಲು ಒಡದು ಚಾ ಕುಡೀಲಿಕತ್ತೀರಲ್ಲ, ನಾಚ್ಕಿ ಬರಲ್ಲೇನು?"

"ಕೈ ನಡಗ್ಲಿಕತ್ತಾವ್ರಿ ಸಾವ್ಕಾರ್ರ. ಈ ಕೈಲೆ ಹಾರಿ ಹಿಡದ್ರ ಯಾರದರ ಕಾಲು ಹೋಗ್ತದ. ಕಲ್ಲು ಇನ್ನೊಂದು ಸಿಗ್ತದ, ಕಾಲು ಸಿಗಲ್ಲ."

"ಇನ್ನೊಂದು ಸಲ ನೋಡ್ತೀನಿ. ಅದೂ ಒಡೀತಂದ್ರ ಕಲ್ಲು ಕೊಯ್ಯೋ ಮಷೀನ್ ಇಳಸ್ತೀನಿ. ನಿಮ್ಮ ಟೋಳಿ ಬ್ಯಾರೆ ಖಣಿ ನೋಡ್ಕೋಬೇಕು, ಮತ್ತ."

ಅಂದಿನಿಂದ ವಿಠೋಬಾ ಖಣಿಯಲ್ಲಿ ತುಟಿ ಬಿಚ್ಚಿಲ್ಲ. ಕಾಡುವವರೂ ಕಾಡುವುದನ್ನು ಬಿಟ್ಟಿದ್ದಾರೆ. ಇವತ್ತು, ಎರಡನೆಯ ಕಲ್ಲಿನ ದಿನ, ಬೇರೆ ಯಾರಾದರೂ ಆ ಮೂಲೆಗೆ ನಿಲ್ಲಲಿ ಎಂದು ಟೋಳಿಯಲ್ಲಿ ಕೆಲವರು ಗೊಣಗುತ್ತಾರೆ. ಅನಸುಬಾಯಿ ಗಂಡನನ್ನು ಅದೇ ಮೂಲೆಯಲ್ಲಿ, ಅದೇ ಹಾರೆ ಕೊಟ್ಟು ನಿಲ್ಲಿಸುತ್ತಾರೆ. "ಆ ಮೂಲಿ ಎಷ್ಟು ಭಾರ ಅದ ಅಂತ ಅವರಿಗೇ ಗೊತ್ತು" ಎನ್ನುವುದಷ್ಟೇ ಅವರ ಮಾತು.

ಅಂಗೈ ಇಳಿಯುತ್ತದೆ. ಹನ್ನೆರಡು ಹಾರೆ ಒಟ್ಟಿಗೆ ಬಾಗುತ್ತವೆ. ಕಲ್ಲು ಬೆರಳಷ್ಟು ಏಳುತ್ತದೆ, ಗೇಣಷ್ಟು ಏಳುತ್ತದೆ. ಕೆಳಗೆ ಕಬ್ಬಿಣದ ಪೈಪುಗಳು ಸರಿಯುತ್ತವೆ. ವಿಠೋಬಾ ಕೆಳತುಟಿ ಕಚ್ಚಿ ಹಿಡಿದಿದ್ದಾರೆ. ಮೇಲಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ ಶಾಂತಕುಮಾರರು ತಡೆಯಲಾರದೆ "ಶಾಬ್ಬಾ…" ಎನ್ನುವಷ್ಟರಲ್ಲಿ ಅನಸುಬಾಯಿಯ ಅಂಗೈ ಅವರ ಕಡೆಗೇ ತಿರುಗುತ್ತದೆ. ಸಾಹುಕಾರರು ಉಳಿದದ್ದನ್ನು ನುಂಗಿಕೊಳ್ಳುತ್ತಾರೆ.

ಪೈಪುಗಳ ಮೇಲೆ ಉರುಳಿ, ಕ್ರೇನಿನ ಸರಪಳಿಯಲ್ಲಿ ಏರಿ, ಲಾರಿಯಲ್ಲಿ ಹಾಸಿದ ಜೋಳದ ಕಣಿಕೆಯ ಮೇಲೆ ಕಲ್ಲು ಕೂರುತ್ತದೆ. ಇಡಿಯಾಗಿ, ಒಂದು ಕೂದಲೆಳೆಯ ಬಿರುಕೂ ಇಲ್ಲದೆ.

"ಚಾ ಹಾಕ್ರಿ."

ಶಾಂತಕುಮಾರರೂ ಕೆಳಗಿಳಿದು ಬಂದು ಒಂದು ಚೂರುಕಲ್ಲಿನ ಮೇಲೆ ಕೂರುತ್ತಾರೆ. "ಅವತ್ತೂ ಚಾ, ಇವತ್ತೂ ಚಾ. ಪೇಡೆ ಗೀಡೆ ಇಲ್ಲೇನಬೇ ನಿನ್ನ ಕಡಿ?"

"ದುಃಖಕ್ಕೂ ಕೈ ನಡಗ್ತಾವ, ಖುಷಿಗೂ ನಡಗ್ತಾವ್ರಿ. ಇನ್ನೂ ಲಾರಿಗಿ ಹಗ್ಗ ಕಟ್ಟಬೇಕು." ಅನಸುಬಾಯಿ ಗ್ಲಾಸು ಹಿಡಿದ ಕೈ ತೋರಿಸುತ್ತಾರೆ. ಚಹಾ ನಿಜಕ್ಕೂ ತುಳುಕುತ್ತಿದೆ.

ಶಾಂತಕುಮಾರರು ನಗುತ್ತಾರೆ. "ಮಷೀನ್ ಬ್ಯಾಡ ಬಿಡು. ಈ ಖಣಿ ನಿಮ್ಮ ಟೋಳಿದೇ."

ಚಹಾ ಮುಗಿಯುತ್ತದೆ, ಹಗ್ಗ ಬಿಗಿಯುತ್ತದೆ. ಆಗ ವಿಠೋಬಾ ಹೆಂಡತಿಯ ಹತ್ತಿರ ಬಂದು, ಎರಡು ತಿಂಗಳಲ್ಲಿ ಮೊದಲ ಸಲ ಖಣಿಯಲ್ಲಿ ಬಾಯಿ ತೆರೆಯುತ್ತಾರೆ. "ಮುಕಾದಮಬಾಯಿ, ಈಗರ ಒದರ್‍ಲೇನು?"

"ಒದರ್‍ರಿ."

ಆ ಕೂಗಿಗೆ ದಿಬ್ಬದ ಮೇಲಿನ ನಾಯಿಗಳು ಓಡುತ್ತವೆ. ಟೋಳಿಯವರೆಲ್ಲ ದನಿಗೂಡಿಸುತ್ತಾರೆ. ಪಕ್ಕದ ಖಣಿಗಳವರು ಸುತ್ತಿಗೆ ನಿಲ್ಲಿಸಿ ನೋಡುತ್ತಾರೆ.

ಲಾರಿ ಚಿಮ್ಮನಚೋಡದ ದಾರಿ ಹಿಡಿಯುತ್ತದೆ. ಭವನದ ಉದ್ಘಾಟನೆಗೆ ಹೋಗುತ್ತೀರಾ ಎಂದರೆ ಅನಸುಬಾಯಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳುತ್ತಾರೆ:

"ಕರದ್ರ ಹೋಗ್ತೀನ್ರಿ, ಹಿಂದ ಕುಂದ್ರತೀನಿ. ಅದರ ಮ್ಯಾಲ ಹುಡುಗ್ರು ಕುಣೀಲಿ, ದೊಡ್ಡವ್ರು ಭಾಷಣ ಮಾಡ್ಲಿ, ಬೇಕಾದಷ್ಟು ಒದರ್‍ಲಿ. ಈಗ ಅದು ಒಡಿಯಲ್ಲ."